ಹಸಿ ಮಾಳಿಗೆ

ಬೆಲ್ಲದ ನೀರು ಬಿಸಿಲಿಗೆ ಹುಳಿಯಾದಾಗ ಬರುವ ವಾಸನೆಯನ್ನು ನಿಮ್ಮಲ್ಲಿ ಎಷ್ಟು ಜನ ಬಲ್ಲಿರೋ ಕಾಣೆ. ಮೊನ್ನೆ ಒಂದು ಮದುವೆಗೆಂದು ಕಮಲಾಪುರಕ್ಕೆ ಹೊರಟಿದ್ದೆ. ದಾರಿಯಲ್ಲಿ ಬಸ್ಸು ಕೆಟ್ಟು, ಕಬ್ಬಿನ ಗದ್ದೆಯ ಪಕ್ಕದ ಒಂದು ಆಲೆಮನೆಯ ಮುಂದೆ ನಿಂತಿತು. ಜನ ಕಂಡಕ್ಟರನ್ನು ಬೈಯುತ್ತ ಇಳಿದರು. ನಾನೂ ಬೈಯಲೆಂದೇ ಇಳಿದೆ. ಇಳಿದವಳು ಬೈಯುವುದನ್ನು ಮರೆತು ನಿಂತುಬಿಟ್ಟೆ. ಕೊಪ್ಪರಿಗೆ ತೊಳೆದು ಚೆಲ್ಲಿದ ನೀರು ಅಂಗಳದ ತಗ್ಗಿನಲ್ಲಿ ನಿಂತು ಹುಳಿ ಬಂದಿತ್ತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅದರ ಜೊತೆಗೆ ಇರಬೇಕಾದ ಇನ್ನೆರಡು ವಾಸನೆಗಳನ್ನು, ನೆನೆದ ಅಳಲೆಕಾಯಿಯ ಒಗರನ್ನೂ ಹಸಿ ಸುಣ್ಣದ ತಣ್ಣನೆಯ ವಾಸನೆಯನ್ನೂ, ನನ್ನ ಮೂಗು ತಾನಾಗಿಯೇ ಹುಡುಕತೊಡಗಿತು. ಆಲೆಮನೆಯಲ್ಲಿ ಅವು ಎಲ್ಲಿಂದ ಬರಬೇಕು? ಅಳಲೆಕಾಯಿ, ಬೆಲ್ಲ, ಸುಣ್ಣ ಕೂಡಿದ ವಾಸನೆ ನನ್ನ ಮಟ್ಟಿಗೆ ತವರಿನ ವಾಸನೆ. ಬಸ್ಸು ಮತ್ತೆ ಹೊರಟಾಗ ಪಕ್ಕದ ಹೆಂಗಸು ನನ್ನ ಮುಖ ನೋಡಿ, ಮೈಗೆ ಹುಷಾರಿಲ್ಲವೇ ಎಂದು ಕೇಳಿದಳು. ಏನೆಂದು ಹೇಳಲಿ? ಬಿಸಿಲು ಅಂದೆ.

ನಮ್ಮದು ಗಾರೆ ಕೆಲಸದವರ ಮನೆ. ಕಮಲಾಪುರದ ಕೆರೆ ಏರಿಯಿಂದ ಇಳಿದರೆ ಸಿಗುತ್ತಿದ್ದ ಆ ಮನೆಯಲ್ಲಿ ಮನುಷ್ಯರಿಗಿಂತ ಸುಣ್ಣಕ್ಕೇ ಮರ್ಯಾದೆ ಹೆಚ್ಚು. ಹಿತ್ತಲ ತುಂಬ ಸುಣ್ಣದ ಗುಂಡಿಗಳು. ಸುಟ್ಟ ಸುಣ್ಣದ ಕಲ್ಲನ್ನು ಅವುಗಳಲ್ಲಿ ಹಾಕಿ, ನೀರು ಹೊಯ್ದು, ಅದು ಕುದಿದು ಅರಳಿ ತಣ್ಣಗಾದ ಮೇಲೆ ಮತ್ತೊಂದಿಷ್ಟು ನೀರು ನಿಲ್ಲಿಸಿ ವರ್ಷಗಟ್ಟಲೆ ಮಲಗಲು ಬಿಡುತ್ತಿದ್ದರು. ಮಲಗಿದಷ್ಟೂ ಸುಣ್ಣ ನುಣುಪು. ನನ್ನ ಅಪ್ಪನ ಅಪ್ಪ, ನಮ್ಮ ಅಜ್ಜ, ಬೆಳಿಗ್ಗೆ ಎದ್ದವನೇ ದೇವರಿಗೆ ಕೈ ಮುಗಿಯುವ ಮೊದಲು ಗುಂಡಿಗಳನ್ನು ಒಂದು ಸುತ್ತು ನೋಡಿ ಬರುತ್ತಿದ್ದ. ನಾವು ಮಕ್ಕಳು ಕೆಮ್ಮಿದರೆ ಅವನ ಕಿವಿಗೆ ಬೀಳುತ್ತಿರಲಿಲ್ಲ. ಗುಂಡಿಯ ನೀರು ಒಂದು ಬೆರಳು ಇಳಿದರೆ ಮಾತ್ರ ಮನೆಮಂದಿಯೆಲ್ಲ ಎದ್ದು ಓಡಾಡಬೇಕು. ಅಂಗಳದಲ್ಲಿ ಗಾರೆ ಅರೆಯುವ ಗಾಣವಿತ್ತು. ಒಂದು ಮುದಿ ಎತ್ತು ಕಲ್ಲಿನ ಗಾಲಿಯನ್ನು ಎಳೆಯುತ್ತ ದಿನವಿಡೀ ಅಲ್ಲೇ ಸುತ್ತುತ್ತಿತ್ತು. ಆ ಗರಗರ ಸದ್ದಿನಲ್ಲೇ ನಾನು ತೊಟ್ಟಿಲಲ್ಲಿ ಮಲಗಿದ್ದು, ಆ ಸದ್ದು ನಿಂತರೆ ಎದ್ದು ಅಳುತ್ತಿದ್ದೆನಂತೆ. ಆಗಿನ್ನೂ ನಮ್ಮ ಸೀಮೆಗೆ ಮದರಾಸಿನ ಸರ್ಕಾರ. ಚಳಿಗಾಲದಲ್ಲಿ ನಮ್ಮವರಿಗೆ ಹಂಪಿಯ ಹಾಳು ಮಂಟಪಗಳ ದುರಸ್ತಿ ಕೆಲಸ ಸಿಗುತ್ತಿತ್ತು. ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಸಸಿಗಳನ್ನು ಬುಡಸಮೇತ ಕಿತ್ತು, ಸಂದಿ ತೊಳೆದು, ಗಾರೆ ತುಂಬುವುದು. ಬೇಸಿಗೆ ಬಂದರೆ ಹೊಸಪೇಟೆ, ಕಂಪ್ಲಿಯ ಅಂಗಡಿಗಳದು, ಅಕ್ಕಿ ಗಿರಣಿಗಳದು ಸರದಿ. ಮಳೆಗಾಲಕ್ಕೆ ಮುಂಚೆ ಸೋರುವ ಮಾಳಿಗೆಗಳನ್ನು ಕಿತ್ತು ಹೊಸದಾಗಿ ಬಡಿಯಬೇಕು.

ಈಗಿನವರಿಗೆ ಮಾಳಿಗೆ ಬಡಿಯುವುದೆಂದರೆ ಏನೆಂದು ಹೇಳಬೇಕಾಗುತ್ತದೆ. ಸತ್ತ ಹಳೆಯ ಗಾರೆಯನ್ನೆಲ್ಲ ಕೆತ್ತಿ ತೆಗೆದು, ಅದರ ಜಾಗದಲ್ಲಿ ಇಟ್ಟಿಗೆ ಚೂರು ಬೆರೆಸಿದ ಸುಣ್ಣವನ್ನು, ಅಂದರೆ ಗಚ್ಚನ್ನು, ದಪ್ಪಗೆ ಹರಡುತ್ತಿದ್ದರು. ಅಲ್ಲಿಗೆ ಗಂಡಸರ ಕೆಲಸ ಮುಗಿಯಿತು. ಮುಂದಿನದೆಲ್ಲ ಹೆಂಗಸರದು. ಅವರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಕೈಯಲ್ಲಿ ಮರದ ಕೊಡತಿ ಹಿಡಿದು, ಮಾಳಿಗೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬಡಿಯುತ್ತ ಸರಿಯಬೇಕು, ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ನಡುನಡುವೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸಬೇಕು. ಮೊದಲ ದಿನ ಕೊಡತಿಯ ಸದ್ದು ಕೆಸರಿಗೆ ಬಡಿದ ಹಾಗೆ ದಪ್ ದಪ್ ಎನ್ನುತ್ತದೆ. ದಿನ ಕಳೆದಂತೆ ಅದು ಬಿಗಿಯಾಗುತ್ತ ಬಂದು ಕೊನೆಗೆ ಕೊಡತಿ ಪುಟಿದು ಟಣ್ಣೆನ್ನಬೇಕು. ಆಗ ಗಚ್ಚು ಕೂತಿತು ಎಂದು ಲೆಕ್ಕ. ಎಲ್ಲ ಕೊಡತಿಗಳೂ ಒಟ್ಟಿಗೆ ಬೀಳಬೇಕು, ಇಲ್ಲದಿದ್ದರೆ ಒಂದು ಕಡೆ ಕೂತದ್ದು ಇನ್ನೊಂದು ಕಡೆ ಏಳುತ್ತದೆ. ಒಟ್ಟಿಗೆ ಬೀಳಬೇಕೆಂದರೆ ಹಾಡು ಬೇಕು. ಹಾಡಬೇಕೆಂದರೆ ನಮ್ಮ ಹುಲಿಗೆತ್ತೆಯೇ ಬೇಕು.

ಹುಲಿಗೆತ್ತೆ ನನ್ನ ಅಪ್ಪನ ತಂಗಿ. ಅವಳ ದನಿ ಇಂಪಾಗಿತ್ತೆಂದು ನಾನು ಸುಳ್ಳು ಹೇಳಲಾರೆ. ಒಡಕು ದನಿ, ಅದರಲ್ಲೂ ಸುಣ್ಣದ ಧೂಳು ಕುಡಿದದ್ದು. ಆದರೆ ಆ ದನಿಗೆ ಒಂದು ಎಳೆತವಿತ್ತು. ಅದು ಏರಿದರೆ ಸಾಲಿನ ಕೈಗಳೆಲ್ಲ ಏರುತ್ತಿದ್ದವು, ಇಳಿದರೆ ಇಳಿಯುತ್ತಿದ್ದವು. ಪದಗಳನ್ನು ಅಲ್ಲಲ್ಲೇ ಕಟ್ಟುತ್ತಿದ್ದಳು. ಅಂಗಡಿಯ ಸಾವಕಾರ ಕೆಳಗೆ ಬಂದು ನಿಂತನೋ, "ಸಾವಕಾರ ನಿನ್ನ ಮಾಳಿಗಿ ಗಟ್ಟಿ, ನಿನ್ನ ಹೊಟ್ಟಿಗಿಂತ ಗಟ್ಟಿ" ಎಂದು ಎತ್ತಿಕೊಳ್ಳುವಳು, ಹೆಂಗಸರೆಲ್ಲ ನಗುತ್ತಲೇ ಕೊಡತಿ ಹಾಕುವರು, ಸಾವಕಾರ ಹೊಟ್ಟೆಯ ಮೇಲೆ ಪಂಚೆ ಸರಿ ಮಾಡಿಕೊಂಡು ಒಳಗೆ ಹೋಗುವನು. ಅಜ್ಜನ ಮೀಸೆ, ಎತ್ತಿನ ಬಾಲ, ಊರಿಗೆ ಬಂದ ದೊರೆಯ ಟೊಪ್ಪಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ಅವಳ ಸೆರಗು ಹಿಡಿದೇ ಬೆಳೆದವಳು. ಅವಳು ಮಾಳಿಗೆ ಹತ್ತಿದರೆ ನನ್ನನ್ನೂ ಹತ್ತಿಸಿಕೊಂಡು, ಗೋಣಿಚೀಲದ ನೆರಳು ಮಾಡಿ ಮೂಲೆಯಲ್ಲಿ ಕೂರಿಸುತ್ತಿದ್ದಳು. ಅವಳಿಗೆ ಮಕ್ಕಳಿರಲಿಲ್ಲ. ಗಂಡ ಇದ್ದ, ಇದ್ದೂ ಇರಲಿಲ್ಲ.

ಆ ಗಂಡ, ನಮ್ಮ ಪಂಪಣ್ಣ ಮಾವ, ಮನೆಯಳಿಯನಾಗಿ ಬಂದು ಅಜ್ಜನ ಕೈಕೆಳಗೆ ಗಾರೆ ಮೆತ್ತುವ ಕರಣೆ ಹಿಡಿದವನು. ಒಳ್ಳೆಯ ಕೆಲಸಗಾರ, ಆದರೆ ತಾಳ್ಮೆ ಕಡಿಮೆ. ಕಂಪ್ಲಿಯಲ್ಲಿ ಒಂದು ಅಕ್ಕಿ ಗಿರಣಿಯ ಗೋಡೆ ದುರಸ್ತಿಗೆ ಅವನನ್ನು ಮುಂದೆ ಮಾಡಿ ಕಳಿಸಿದ್ದರು. ಬೇಗ ಮುಗಿಸುವ ಆತುರದಲ್ಲಿ ಅವನು ಇನ್ನೂ ಮಲಗಿ ಮಾಗದ ಸುಣ್ಣ ಬಳಸಿಬಿಟ್ಟ. ಅಂಥ ಸುಣ್ಣ ಗೋಡೆಗೆ ಹೋದ ಮೇಲೆ ಒಳಗೇ ಅರಳಲು ಹೊರಡುತ್ತದೆ. ಗೋಡೆಯ ಮೈತುಂಬ ಗುಳ್ಳೆ ಎದ್ದು ಸಿಡಿದವು. ಅಜ್ಜ ಸುದ್ದಿ ಕೇಳಿ ಕಂಪ್ಲಿಗೆ ಹೋದವನು, ಅಳಿಯನನ್ನು ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಹಗಲು ಹೊತ್ತು, ಪೇಟೆಯ ಜನ ನೋಡುತ್ತಿರುವಾಗ, ತನ್ನ ಕೈಯಾರೆ ಆ ಗಾರೆಯನ್ನೆಲ್ಲ ಕೆತ್ತಿ ಅವನ ಕಾಲ ಬುಡಕ್ಕೆ ಕೆಡವಿದ. ಪಂಪಣ್ಣ ಮಾವ ಕರಣೆ ಕೆಳಗಿಟ್ಟು ಅಲ್ಲಿಂದಲೇ ನಡೆದುಹೋದ. ಹೋದವನು ಸಂಡೂರಿನ ಗಣಿ ಸೇರಿದ. ಸಂಡೂರು ಬೇರೆ ರಾಜರ ಸೀಮೆ, ಅಲ್ಲಿ ಅದಿರು ಅಗೆಯುವವನಿಗೆ ಸುಣ್ಣದ ಹಂಗಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳಲಿಲ್ಲ. ಹೆಣ್ಣು ಕೊಟ್ಟ ಮಾವ ಬಂದು ಕರೆಯಲಿ ಎಂದು ಅವನು ಕಾದ, ಅಳಿಯ ಬಂದು ತಪ್ಪಾಯಿತು ಅನ್ನಲಿ ಎಂದು ಅಜ್ಜ ಕಾದ. ಈ ಇಬ್ಬರು ಗಂಡಸರ ಬಿಗುಮಾನದ ನಡುವೆ ಅತ್ತೆ ವರ್ಷಗಟ್ಟಲೆ ಕೊಡತಿ ಹಾಕುತ್ತ ಹಾಡಿದಳು. ಅವಳ ಹಾಡಿನಲ್ಲಿ ಊರೆಲ್ಲ ಬರುತ್ತಿತ್ತು, ಸಂಡೂರು ಮಾತ್ರ ಬರುತ್ತಿರಲಿಲ್ಲ.

ನಮ್ಮವರಲ್ಲಿ ಒಂದು ಪದ್ಧತಿ ಇತ್ತು. ಗಚ್ಚು ಹಸಿಯಿರುವಷ್ಟು ದಿನ ಮಾಳಿಗೆಯ ಮೇಲಿನ ಹೆಂಗಸರಿಗೆ ಸಾವಿನ ಸುದ್ದಿ ಹೇಳಬಾರದು. ಹಿಂದೆ ಯಾವ ಕಾಲದಲ್ಲೋ ಹಾಗೆ ಸುದ್ದಿ ಕೇಳಿ ಒಬ್ಬಳು ಅಳುತ್ತ ಇಳಿದಳಂತೆ, ಅವಳ ಹಿಂದೆ ಸಾಲಿಗೆ ಸಾಲೇ ಇಳಿಯಿತಂತೆ, ಸಂಜೆಗೆ ಮಾಳಿಗೆ ಉದ್ದಕ್ಕೂ ಸೀಳಿ ಇಡೀ ಕುಲಕ್ಕೆ ಕೆಲಸ ತಪ್ಪಿತಂತೆ. ತೀರಿಕೊಂಡವರಿಗೆ ಯಾವಾಗ ಅತ್ತರೂ ನಡೆಯುತ್ತದೆ, ಹಸಿ ಗಚ್ಚಿಗೆ ಹಾಗಿಲ್ಲ ಎಂಬುದು ಹಿರಿಯರ ತರ್ಕ. ಅದಕ್ಕೇ ಹೆಂಗಸರು ರಾತ್ರಿ ಮನೆಗೂ ಹೋಗದೆ ಅದೇ ಕಟ್ಟಡದ ಪಡಸಾಲೆಯಲ್ಲಿ ಮಲಗುತ್ತಿದ್ದರು. ಏಣಿಯ ಬುಡದಲ್ಲಿ ಅಜ್ಜ ಕೂರುತ್ತಿದ್ದ. ಸುದ್ದಿ ತಂದವರು ಯಾರೇ ಆಗಲಿ, ಅವನಿಗೆ ಹೇಳಬೇಕು. ಅವನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು, ಕೊಡತಿ ಟಣ್ಣೆಂದ ಮೇಲೆ, ಕೈಕಾಲು ತೊಳೆದು ಇಳಿದ ಹೆಂಗಸಿಗೆ ತಾನೇ ಹೇಳುತ್ತಿದ್ದ. ಒಪ್ಪುತ್ತೀರೋ ಇಲ್ಲವೋ, ಯಾರೂ ಅದಕ್ಕೆ ಎದುರಾಡಿದ್ದನ್ನು ನಾನು ಕೇಳಿಲ್ಲ. ಅಜ್ಜ ಇದ್ದಾನೆಂದು ಹೆಂಗಸರು ನಿಶ್ಚಿಂತೆಯಿಂದ ಹಾಡುತ್ತಿದ್ದರು.

ಆ ವರ್ಷ ಹೊಸಪೇಟೆಯ ಬಜಾರಿನಲ್ಲಿ ಒಬ್ಬ ಸಾವಕಾರನ ಹಳೆಯ ಅಂಗಡಿಯ ಮಾಳಿಗೆ ಬಡಿಯುತ್ತಿದ್ದೆವು. ಕೆಳಗೆ ಹತ್ತಿಯ ಅಂಡಿಗೆಗಳು, ಅಕ್ಕಿಯ ಚೀಲಗಳು. ಪಡುವಲಲ್ಲಿ ಆಗಲೇ ಮೋಡ ಮೊಳೆಯತೊಡಗಿತ್ತು. ಮಳೆಗೆ ಮುಂಚೆ ಗಚ್ಚು ಕೂರದಿದ್ದರೆ ಎಲ್ಲ ನೀರುಪಾಲು. ನನ್ನ ಅಪ್ಪ ಚಳಿಗಾಲದಲ್ಲಿ ಮುಗಿಯದೆ ಉಳಿದಿದ್ದ ಹಂಪಿಯ ಕೆಲಸದ ಮೇಲಿದ್ದ. ಅವ್ವ ಕೆಳಗೆ ಸುಣ್ಣ ಸೋಸುತ್ತಿದ್ದಳು. ಗಚ್ಚು ಹರಡಿದ ಮಾರನೆಯ ಮಧ್ಯಾಹ್ನ, ಹಾಡು ಒಳ್ಳೆ ಭರದಲ್ಲಿದ್ದಾಗ, ನಾನು ಮಾಳಿಗೆಯ ಅಂಚಿನಿಂದ ಕೆಳಗೆ ಇಣುಕಿದ್ದು ನೆನಪಿದೆ. ಒಬ್ಬ ಗಾಡಿಯವನು ಅಜ್ಜನ ಮುಂದೆ ನಿಂತು ಏನೋ ಹೇಳುತ್ತಿದ್ದ. ಅವನ ಪಂಚೆ, ರುಮಾಲು, ಹುಬ್ಬಿನ ಕೂದಲು ಕೂಡ ಕೆಂಪು ಧೂಳು. ಸಂಡೂರಿನ ಅದಿರಿನ ಗಾಡಿಯವರು ಪೇಟೆಯಲ್ಲಿ ದಿನಾ ಕಾಣುತ್ತಿದ್ದರು, ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಅಜ್ಜ ಅವನನ್ನು ಕೂರಿಸಿ, ನೀರು ಕೊಟ್ಟು, ಬುತ್ತಿ ಬಿಚ್ಚಿ ರೊಟ್ಟಿ ಕೊಟ್ಟದ್ದನ್ನು ನೋಡಿ, ಯಾರೋ ಬೇಕಾದವರಿರಬೇಕು ಅಂದುಕೊಂಡೆ. ಹಿಂದೆ ಅತ್ತೆ ಹಾಡುತ್ತಲೇ ಇದ್ದಳು.

ಅವರಿಬ್ಬರ ಮಾತು ಏನಾಗಿತ್ತೆಂದು ಅವ್ವ ನನಗೆ ಹೇಳಿದ್ದು ನಾನು ದೊಡ್ಡವಳಾದ ಮೇಲೆ. ಗಾಡಿಯವನು ತಂದದ್ದು ಪಂಪಣ್ಣ ಮಾವನ ಸುದ್ದಿ. ಜ್ವರ ಹಿಡಿದು ಮಲಗಿದ್ದಾನೆ, ದಿನ ಎಣಿಸುತ್ತಿದ್ದಾನೆ.

"ಭಾಳ ಸೋತಾನ್ರಿ ಯಜಮಾನ್ರ. ಹೆಂಡ್ತಿನ್ನ ಒಂದು ಸಲ ನೋಡಬೇಕಂತಾನ. ನನ್ನ ಗಾಡಿ ಈಗ ವಾಪಸ್ ಹೊಂಟೈತಿ, ಕಳಿಸಿಕೊಡ್ರಿ, ಜಲ್ದಿ ಮುಟ್ಟಿಸ್ತೀನಿ."

ಅಜ್ಜ ತುಸು ಹೊತ್ತು ಮೇಲೆ ನೋಡಿದನಂತೆ. ಮೇಲಿನಿಂದ ಹಾಡು ಬರುತ್ತಿತ್ತು. ಆಮೇಲೆ, "ಗಚ್ಚು ಹಸಿ ಐತಿ, ಈಗ ಹೇಳಂಗಿಲ್ಲ. ಕೂತ ಮ್ಯಾಲೆ ನಾನ ಕಳಸ್ತೀನಿ" ಅಂದ. ಅವ್ವ ಅವನ ಮುಂದೆ ನಿಂತು ಮಾತಾಡಿದವಳೇ ಅಲ್ಲ. ಅವತ್ತು ಜರಡಿ ಕೆಳಗಿಟ್ಟು ಎದ್ದು ಬಂದಳಂತೆ.

"ಮಾವಾರ, ಅವ್ರು ಇನ್ನ ಬದುಕ್ಯಾರಲ್ರಿ. ಸತ್ತ ಸುದ್ದಿ ಅಲ್ಲಲ್ರಿ ಇದು."

"ಸುಮ್ಕಿರವ್ವ. ಅಕಿ ಇಳಿದ್ರ ಹಾಡು ನಿಂತ್ಹೋಗತೈತಿ. ಹಾಡು ನಿಂತ್ರ ಮಾಳಿಗಿ ಹೋತು."

ಅಜ್ಜ ಹಾಗೆ ಯಾಕೆ ಮಾಡಿದ? ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೋಡ ಕಟ್ಟುತ್ತಿದ್ದದ್ದು ನಿಜ. ಅತ್ತೆಯ ಹಾಡಿಲ್ಲದೆ ಆ ಮಾಳಿಗೆ ಕೂರುತ್ತಿರಲಿಲ್ಲ ಎಂಬುದೂ ನಿಜ. ಆದರೆ ಕಂಪ್ಲಿಯ ಗೋಡೆಯ ಸಿಟ್ಟು ಅವನ ಹೊಟ್ಟೆಯ ಒಂದು ಮೂಲೆಯಲ್ಲಿ ಇನ್ನೂ ಕೂತಿರಲಿಲ್ಲವೇ? ತನ್ನನ್ನು ಬಿಟ್ಟು ಹೋದ ಅಳಿಯ ಇನ್ನೆರಡು ದಿನ ಕಾಯಲಿ ಅನ್ನಿಸಿರಲಿಲ್ಲವೇ? ಅವನಿಗೇ ಗೊತ್ತಿತ್ತೋ ಇಲ್ಲವೋ. ಸಾವಿನ ಸುದ್ದಿಗೆಂದು ಹಿರಿಯರು ಮಾಡಿಟ್ಟ ಪದ್ಧತಿಯನ್ನು ಅವನು ಬದುಕಿರುವ ಮನುಷ್ಯನ ಕರೆಗೂ ಹಚ್ಚಿದ. ನಮ್ಮ ಕಸುಬಿನವನಲ್ಲದೆ ಬೇರೆ ಯಾರೂ ಮಾಡಲಾರದ ತಪ್ಪು ಅದು. ಸುಣ್ಣವನ್ನು ಅಷ್ಟು ನಂಬಿದ್ದ ಮನುಷ್ಯ, ಜೀವವೂ ತನ್ನ ಗುಂಡಿಯ ಸುಣ್ಣದ ಹಾಗೆ ಇಟ್ಟಲ್ಲಿ ಇರುತ್ತದೆ ಅಂದುಕೊಂಡನೋ ಏನೋ. ಅದನ್ನು ನೆನೆದರೆ ನನಗೆ ಈಗಲೂ ಅಜ್ಜನ ಮೇಲೆ ಸಿಟ್ಟು ಬರುತ್ತದೆ, ಸಿಟ್ಟಿನ ಹಿಂದೆಯೇ ಅಯ್ಯೋ ಅನ್ನಿಸುತ್ತದೆ.

ಗಚ್ಚು ಕೂತ ದಿನ ಅತ್ತೆ ಏಣಿ ಇಳಿದಾಗ ಬುಡದಲ್ಲಿ ಒಂದು ಬಾಡಿಗೆ ಗಾಡಿ ಹೂಡಿ ನಿಂತಿತ್ತು. ಎತ್ತುಗಳಿಗೆ ಮೇವು, ನೀರು ಆಗಿತ್ತು. ಅದನ್ನೆಲ್ಲ ಅಜ್ಜನೇ ಮಾಡಿಸಿದ್ದ. ಅವನು ವಿಷಯ ಹೇಳಿದಾಗ ಅತ್ತೆ ಒಂದೇ ಮಾತು ಕೇಳಿದಳು: "ಯಾವಾಗ ಬಂದಿತ್ತು ಸುದ್ದಿ?" ಅಜ್ಜ ಗಾಡಿಯ ನೊಗ ಸರಿ ಮಾಡಿದ. ಅತ್ತೆ ಕಾಲಿನ ಸುಣ್ಣ ಕೂಡ ತೊಳೆಯದೆ ಗಾಡಿ ಹತ್ತಿದಳು. ಅವ್ವ ಜೊತೆಗೆ ಹತ್ತಿದಳು, ಅತ್ತೆಯನ್ನು ಬಿಟ್ಟಿರದ ನನ್ನನ್ನೂ ಎತ್ತಿ ಕೂರಿಸಿದರು. ಗುಡ್ಡ ಹತ್ತಿದಂತೆ ನೆಲ ಕೆಂಪಾಯಿತು, ಹೊಂಡದ ನೀರು ಕೆಂಪಾಯಿತು. ಸಂಡೂರಿನ ಹೊರಗಿನ ಗಣಿಯವರ ಗುಡಿಸಲುಗಳ ಬಳಿ ಗಾಡಿ ನಿಂತಾಗ ಒಬ್ಬ ಮುದುಕಿ ಹೊರಗೆ ಬಂದು ಅತ್ತೆಯ ಕಾಲಿನ ಸುಣ್ಣ ನೋಡಿದಳು. ನೋಡಿದ್ದೇ ಗುರುತು ಹಿಡಿದಳು.

"ನೀನ ಏನವ್ವ ಹುಲಿಗೆವ್ವ? ನಿನ್ನೆ ಮಣ್ಣು ಮಾಡಿದ್ವಿ. ಮೊನ್ನೆ ಹೊತ್ತು ಮುಳುಗೋ ತನಕ ಮಾತಾಡ್ತಿದ್ದ."

ಗುಡಿಸಲು ಹೊರಗೆಲ್ಲ ಕೆಂಪು. ಒಳಗೆ ಕಾಲಿಟ್ಟರೆ ಗೋಡೆಗಳು ಬೆಳ್ಳಗೆ, ಕೈ ಜಾರುವಷ್ಟು ನುಣ್ಣಗೆ. ಆ ಕೆಂಪು ಊರಿನಲ್ಲಿ ಅಂಥ ಗೋಡೆ ಇನ್ನೊಂದಿರಲಿಲ್ಲ. ಗುಡಿಸಲಿನ ಹಿಂದೆ ಹಲಗೆ ಮುಚ್ಚಿದ ಒಂದು ಸಣ್ಣ ಗುಂಡಿ. ಹಲಗೆ ಸರಿಸಿದರೆ ಮೇಲೆ ತಿಳಿ ನೀರು, ಕೆಳಗೆ ಸುಣ್ಣ. ಅತ್ತೆ ಮೊಣಕೈ ತನಕ ಕೈ ಇಳಿಸಿ ಒಂದು ಮುದ್ದೆ ಎತ್ತಿದಳು. ಬೆಣ್ಣೆ ಎತ್ತಿದ ಹಾಗೆ ಬಂತು. ಎಷ್ಟೋ ವರ್ಷ ಮುಟ್ಟದೆ, ನೀರು ಆರದಂತೆ ನೋಡಿಕೊಂಡು ಮಲಗಿಸಿದ ಸುಣ್ಣ. ಗಣಿಯಲ್ಲಿ ಅದಿರು ಅಗೆಯುವವನಿಗೆ ಅದರಿಂದ ಏನಾಗಬೇಕಿತ್ತು? ಒಂದಲ್ಲ ಒಂದು ದಿನ ಗಡಿಗೆಯಲ್ಲಿ ತುಂಬಿಕೊಂಡು ಕಮಲಾಪುರಕ್ಕೆ ಬರುವ ಆಸೆ ಅವನಿಗಿತ್ತೆಂದು ಅತ್ತೆಗೆ ಆಗ ತಿಳಿಯಿತು. ಅವಳು ಅಲ್ಲೇ ಗುಂಡಿಯ ಅಂಚಿನಲ್ಲಿ ಕೂತು ಅತ್ತಳು. ನಾನು ಅವಳ ಬೆನ್ನು ಹಿಡಿದು ನಿಂತಿದ್ದೆ. ದೊಡ್ಡವರು ಹಾಗೂ ಅಳುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ತಿರುಗಿ ಬರುವಾಗ ಆ ಸುಣ್ಣವನ್ನು ಒಂದು ಗಡಿಗೆ ತುಂಬಿ ತಂದಳು. ಮನೆಯ ಕಟ್ಟೆಯ ಮೇಲೆ ಕೂತಿದ್ದ ಅಜ್ಜನ ಮುಂದೆ ಅದನ್ನು ಇಟ್ಟು, "ಆ ಪದ್ಧತಿ ಸತ್ತೋರ ಸುದ್ದಿಗೆ ಎಪ್ಪಾ. ಅವ್ರು ಬದುಕಿದ್ರು" ಅಂದಳು. ಬೈಯಲಿಲ್ಲ, ಕೂಗಾಡಲಿಲ್ಲ. ಅಜ್ಜ ಗಡಿಗೆಗೆ ಬೆರಳಿಳಿಸಿ ಒಂದಿಷ್ಟು ಸುಣ್ಣ ತೆಗೆದು ಹೆಬ್ಬೆರಳಿಂದ ಉಜ್ಜಿದ. ಬಹಳ ಹೊತ್ತು ಉಜ್ಜಿದ. "ಭಾಳ ಛಲೋ ಸುಣ್ಣ ಐತಿ" ಎಂದು ಎದ್ದು ಒಳಗೆ ಹೋದ. ಆ ಗಡಿಗೆಯನ್ನು ಯಾವ ಕೆಲಸಕ್ಕೂ ಬಳಸಲು ಅವನು ಬಿಡಲಿಲ್ಲ.

ಅತ್ತೆ ಆಮೇಲೆ ಮಾಳಿಗೆ ಹತ್ತಲಿಲ್ಲ. ಮನೆಯಲ್ಲೇ ಗಾಣದ ಎತ್ತು ಹೊಡೆಯುತ್ತ, ಸುಣ್ಣ ಸೋಸುತ್ತ ಇದ್ದುಬಿಟ್ಟಳು. ಊಟಕ್ಕೆ ಕರೆದರೆ ಬರುವಳು, ಕೇಳಿದ್ದಕ್ಕೆ ಉತ್ತರ ಕೊಡುವಳು, ನನ್ನ ಜಡೆ ಹಾಕುವಳು. ತಮಾಷೆ ಮಾತ್ರ ಅವಳ ಬಾಯಿಂದ ಹೊರಟೇ ಹೋಗಿತ್ತು. ಬೇರೆ ಹೆಂಗಸರು ಹಾಡಲು ನೋಡಿದರು. ಇಂಪಾದ ದನಿಯವರೇ ಇದ್ದರು. ಕೊಡತಿಗಳು ಮಾತ್ರ ಒಟ್ಟಿಗೆ ಬೀಳಲೊಲ್ಲವು. ಬಡಿದ ಮಾಳಿಗೆಗಳು ಒಂದು ಮಳೆಗಾಲ ತಡೆದು ಇನ್ನೊಂದಕ್ಕೆ ಸೋರಿದವು. ಪೇಟೆಯವರು ಮೊದಮೊದಲು ಹೇಳಿಕಳಿಸುತ್ತಿದ್ದರು, ಆಮೇಲೆ ಬೇರೆಯವರನ್ನು ಹುಡುಕಿಕೊಂಡರು. ಅಜ್ಜ ಒಂದು ದಿನವೂ ಮಗಳಿಗೆ ಬಾ ಅನ್ನಲಿಲ್ಲ. ಅನ್ನಲು ಯಾವ ಬಾಯಿ ಇತ್ತು? ಏಣಿಯ ಬುಡದಲ್ಲಿ ಕೂತು ಹದ ತಪ್ಪಿದ ಸದ್ದು ಕೇಳುತ್ತ, ಮೊಣಕಾಲ ಮೇಲೆ ತನ್ನ ಬೆರಳಿಂದ ತಾಳ ಹಾಕುತ್ತ ಮುದುಕನಾದ. ಅಪ್ಪ ಮಗಳು ಒಂದೇ ಮನೆಯಲ್ಲಿ, ಒಂದೇ ಒಲೆಯ ರೊಟ್ಟಿ ತಿಂದು, ಎದುರುಬದುರು ಕೂತು ವರ್ಷಗಳನ್ನು ಕಳೆದರು. ಅವರಿಬ್ಬರಲ್ಲಿ ಯಾರಾದರೂ ಒಬ್ಬರು ಜೋರಾಗಿ ಜಗಳ ತೆಗೆಯಬಾರದೇ ಎಂದು ನಾನು ಹಾರೈಸುತ್ತಿದ್ದೆ.

ನನಗೆ ಮದುವೆ ಗೊತ್ತಾಗಿದ್ದ ವರ್ಷ, ಕಮಲಾಪುರದಿಂದ ಹಂಪಿಗೆ ಹೋಗುವ ದಾರಿಯಲ್ಲಿದ್ದ ಒಂದು ಹಳೆಯ ಮಂಟಪದ ಮಾಳಿಗೆ ಕೆಲಸ ಬಂತು. ಕಲ್ಲಿನ ಚಪ್ಪಡಿಗಳ ಮೇಲಿನ ಗಚ್ಚು ಬಿರಿದು, ಮಳೆ ನೀರು ಕಂಬಗಳ ಮೇಲೆಲ್ಲ ಇಳಿಯುತ್ತಿತ್ತು. ಅಜ್ಜ ಆಗಲೇ ಹಾಸಿಗೆ ಹಿಡಿದಿದ್ದ. ಅಪ್ಪ ಹಳೆಯದನ್ನು ಕೆತ್ತಿ ಹೊಸ ಗಚ್ಚು ಹರಡಿಸಿದ. ಹೆಂಗಸರು ಬಡಿಯಲು ಕೂತ ಮೊದಲ ದಿನವೇ ಸದ್ದು ಚದುರಿತು. ಮಂಟಪ ಮನೆಗೆ ಹತ್ತಿರ. ಗಾಳಿ ಈ ಕಡೆ ಬೀಸಿದರೆ ಕೊಡತಿಯ ಸದ್ದು ಅಂಗಳಕ್ಕೆ ಕೇಳುತ್ತಿತ್ತು. ಅತ್ತೆ ಗಾಣದ ಬಳಿ ನಿಂತು ಅದನ್ನು ಕೇಳಿದಳು. "ಏನು ಕುಟ್ಟಾಕಹತ್ಯಾರಿವರು, ಖಾರ ಕುಟ್ಟಿದಂಗ" ಎಂದು ಗೊಣಗಿದಳು. ಎಷ್ಟೋ ವರ್ಷಗಳ ಮೇಲೆ ಅವಳ ಬಾಯಿಂದ ಬಂದ ತಮಾಷೆ ಅದು. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಸೆರಗು ಸಿಕ್ಕಿಸಿಕೊಂಡು ಹೊರಟಳು. ಸ್ವಲ್ಪ ಹೊತ್ತಿಗೆ ಆ ಒಡಕು ದನಿ ಗಾಳಿಯಲ್ಲಿ ತೇಲಿ ಬಂತು, ಅದರ ಹಿಂದೆ ಕೊಡತಿಗಳು ಒಂದಾಗಿ ಬಿದ್ದವು. ಅವ್ವ ಒಲೆ ಬಿಟ್ಟು ಹೊರಗೆ ಬಂದು ನಿಂತಳು. ಅಜ್ಜ ಮಲಗಿದ್ದಲ್ಲೇ ಕಣ್ಣು ತೆರೆದ.

ಗಚ್ಚು ಇನ್ನೂ ಹಸಿಯಿದ್ದಾಗಲೇ ಅಜ್ಜನಿಗೆ ಉಸಿರು ಎಳೆಯಲು ಶುರುವಾಯಿತು. ಮಧ್ಯಾಹ್ನದ ಹೊತ್ತು. ಅಪ್ಪ ಪಕ್ಕದಲ್ಲೇ ಕೂತಿದ್ದ, ನಾನು ಕಾಲು ತಿಕ್ಕುತ್ತಿದ್ದೆ. "ಹುಲಿಗೆವ್ವನ್ನ ಕರಕೊಂಡು ಬರ್ತೀನಿ" ಎಂದು ಅವ್ವ ಎದ್ದಳು. ಅಜ್ಜ ಅವಳ ಕೈ ಹಿಡಿದ.

"ಬ್ಯಾಡವ್ವ. ಗಚ್ಚು ಹಸಿ ಐತಿ. ಅಕಿ ಹಾಡಾಕಹತ್ಯಾಳ, ಹಾಡ್ಲಿ ಬಿಡು."

"ಅಪ್ಪ ಮಗಳು ಒಂದು ಮಾತಾಡ್ರಿ ಮಾವಾರ. ಆಮ್ಯಾಲೆ ಆಗಂಗಿಲ್ಲ."

"ಪಂಪಣ್ಣಗ ಆದದ್ದು ನನಗೂ ಆಗಲಿ. ನನ್ನಾಣಿ ಐತಿ, ಕರೀಬ್ಯಾಡ್ರಿ."

ಎಂದೂ ತಪ್ಪಾಯಿತು ಅನ್ನದ ಮನುಷ್ಯ ಅಷ್ಟು ಅಂದದ್ದೇ ನಮಗೆಲ್ಲ ದೊಡ್ಡದಾಗಿ ಕಂಡಿತು. ತಾನು ಮಾಡಿದ್ದಕ್ಕೆ ತಾನೇ ತಲೆ ಕೊಟ್ಟ ಎಂದು ಅಪ್ಪ ಕಣ್ಣು ಒರೆಸಿಕೊಂಡ. ಆಣೆ ಮೀರುವ ಧೈರ್ಯ ಅವ್ವನಿಗೂ ಬರಲಿಲ್ಲ. ಕಿಟಕಿಯಿಂದ ಹಾಡು ಬರುತ್ತಲೇ ಇತ್ತು. ಅತ್ತೆ ಅವತ್ತು ಯಾರನ್ನು ಗೇಲಿ ಮಾಡುತ್ತಿದ್ದಳೋ, ನಡುನಡುವೆ ಹೆಂಗಸರ ನಗೆಯೂ ಕೇಳುತ್ತಿತ್ತು. ಆ ನಗೆ ಕೇಳುತ್ತ ಅಜ್ಜನ ಮುಖ ಸಡಿಲವಾಯಿತು. ಹೊತ್ತು ಇಳಿಯುವ ಮೊದಲೇ ಹೋಗಿಬಿಟ್ಟ.

ಹಳೆಯ ಪದ್ಧತಿಯಂತೆ ಅತ್ತೆ ಮಂಟಪದಲ್ಲೇ ಉಳಿಯಬೇಕಿತ್ತು. ಆದರೆ ಅವಳು ಸಂಜೆ ಮನೆಗೆ ಬಂದಳು. ಗಚ್ಚು ಕೂರತೊಡಗಿದೆ, ನಾಳೆ ಟಣ್ಣೆನ್ನುತ್ತದೆ ಎಂದು ಅಜ್ಜನಿಗೆ ಹೇಳಿ ಹೋಗಲು ಬಂದಿದ್ದಳಂತೆ. ಮೊಣಕಾಲ ತನಕ ಸುಣ್ಣ, ಮುಖದಲ್ಲಿ ನಾನು ಚಿಕ್ಕಂದಿನಲ್ಲಿ ಕಂಡಿದ್ದ ಆ ಹಳೆಯ ಕಳೆ. ಅಂಗಳದಲ್ಲಿ ಜನ ಕೂಡಿದ್ದನ್ನು ನೋಡಿ ನಿಂತಳು. ಅವ್ವ ಹತ್ತಿರ ಹೋಗಿ, ಅಜ್ಜ ಆಡಿದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಆಣೆಯ ಮಾತು, ಪಂಪಣ್ಣನ ಮಾತು, ಹಾಡು ಕೇಳುತ್ತ ಹೋದದ್ದು. ಅದನ್ನು ಕೇಳಿದರೆ ಅತ್ತೆಗೆ ಸಮಾಧಾನವಾದೀತೆಂದು ಅವ್ವನ ಎಣಿಕೆ, ನಮ್ಮೆಲ್ಲರ ಎಣಿಕೆ. ಅತ್ತೆ ಅಜ್ಜನ ತಲೆಯ ಬಳಿ ಕೂತು, ತನ್ನ ಸುಣ್ಣದ ಕೈಯಿಂದ ಅವನ ಹಣೆ ಸವರಿದಳು. ಹಣೆಯ ಮೇಲೆ ಬಿಳಿ ಗೆರೆಗಳು ಮೂಡಿದವು. ಆಮೇಲೆ ನಮ್ಮ ಕಡೆ ತಿರುಗಿದಳು.

"ಈ ಸಲನೂ ನನ್ನ ಯಾರೂ ಕೇಳಲಿಲ್ಲ" ಅಂದಳು.

 

ಅಜ್ಜನನ್ನು ಮಣ್ಣು ಮಾಡಿ ಬಂದ ಮರುದಿನ, ಸೂತಕ ಎಂದು ಹಿರಿಯರು ಅಂದರೂ ಕೇಳದೆ, ಅತ್ತೆ ಮಂಟಪಕ್ಕೆ ಹೋದಳು. ನಾನು ಹಿಂದೆಯೇ ಹೋದೆ. ಹೆಂಗಸರು ಎದ್ದು ನಿಂತು ಅಳಲು ಮೊದಲಿಟ್ಟರು. ಅತ್ತೆ ಅವರನ್ನು ಕೂರಿಸಿ, ತಾನು ಸಾಲಿನ ನಡುವೆ ಕೂತು ಹೇಳಿದಳು: "ಇನ್ಮ್ಯಾಲೆ ಯಾರ ಸುದ್ದಿ ಬಂದ್ರೂ ಏಣಿ ಹತ್ತಿ ಬಂದು ಹೇಳಬೇಕು. ಇಳಿಯೋದೋ ಬಿಡೋದೋ, ನಾವು ನೋಡ್ಕೊಂತೀವಿ." ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬಳು, ಇನ್ನೊಬ್ಬಳು, ಆಮೇಲೆ ಎಲ್ಲರೂ ಹೂಂ ಅಂದರು. ಕೆಳಗೆ ನಿಂತಿದ್ದ ಅಪ್ಪನೂ ಹೂಂ ಅಂದ. ಅತ್ತೆ ಕೊಡತಿ ಎತ್ತಿಕೊಂಡಳು. ಮಧ್ಯಾಹ್ನದೊಳಗೆ ಗಚ್ಚು ಟಣ್ಣೆಂದಿತು.

ಮುಂದಿನ ಬೇಸಿಗೆಗೆ ನಾನು ಗಂಡನ ಮನೆಯಲ್ಲಿದ್ದೆ. ಹೊಸಪೇಟೆಯ ಪೇಟೆಗೆ ಸಿಮೆಂಟಿನ ಚೀಲಗಳು ಬಂದವು. ಒಂದು ದಿನದಲ್ಲಿ ಎರಕ ಹೊಯ್ದು ಮುಗಿಸುವ ಮಾಳಿಗೆಗೆ ಹಾಡು ಯಾಕೆ, ಹೆಂಗಸರ ಸಾಲು ಯಾಕೆ? ಮಾಳಿಗೆ ಬಡಿಯಲು ಮತ್ತೆ ಯಾರೂ ನಮ್ಮನ್ನು ಕರೆಯಲಿಲ್ಲ. ಗುಂಡಿಗಳ ನೀರು ಆರಿತು, ಅವುಗಳ ಮೇಲೆ ಮಣ್ಣು ಬಿತ್ತು, ಮನೆ ಬೇರೆಯವರ ಪಾಲಾಯಿತು. ಅತ್ತೆ ಕೊನೆಯ ವರ್ಷಗಳನ್ನು ನನ್ನ ಜೊತೆ ಕಳೆದಳು. ಯಾವಾಗಲಾದರೂ ಬಾಗಿಲು ತಟ್ಟಿದ ಸದ್ದಾದರೆ, ಯಾರು ಬಂದರೆಂದು ನೋಡಲು ನಾನು ಏಳುವ ಮೊದಲೇ ಅವಳು ಎದ್ದಿರುತ್ತಿದ್ದಳು. ಆ ದಿನ ಮಂಟಪದ ಮೇಲೆ ಅವಳು ಅಷ್ಟು ಜನರಿಂದ ಹೂಂ ಅನ್ನಿಸಿಕೊಂಡ ಮಾತನ್ನು ಪಾಲಿಸಲು ಒಂದೇ ಒಂದು ಹಸಿ ಮಾಳಿಗೆಯೂ ಉಳಿಯಲಿಲ್ಲ.